ಹೇಳಿದವರು

ನಮ್ಮ ಮನೆಯಲ್ಲಿ ಬಾಯಿ ಎಲ್ಲರಿಗೂ ಇತ್ತು, ಮಾತಾಡುವ ಕೆಲಸ ಮಾತ್ರ ದೊಡ್ಡಪ್ಪನದು. ಶಾಲೆಯ ಮೇಷ್ಟ್ರ ಹತ್ತಿರ, ಮನೆ ಬಾಡಿಗೆಗೆ ಕೊಟ್ಟವರ ಹತ್ತಿರ, ಡಾಕ್ಟರ ಹತ್ತಿರ, ಎಲ್ಲಿ ಹೋದರೂ ನಮ್ಮ ಪರವಾಗಿ ಅವರೇ. ಒಮ್ಮೆ ನನಗೆ ಹಲ್ಲುನೋವು. ಕೆನ್ನೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದೆ. "ಎಡಗಡೆ ಮೇಲಿನದು ಡಾಕ್ಟ್ರೇ, ತಣ್ಣೀರು ತಾಗಿದ್ರೆ ಜುಂ ಅನ್ನುತ್ತೆ" ಎಂದು ದೊಡ್ಡಪ್ಪ ವಿವರಿಸಿದರು. ನೋವಿದ್ದದ್ದು ಬಲಗಡೆ. ಡಾಕ್ಟರು ಎಡಗಡೆಯೇ ಕುಟ್ಟಿ ನೋಡಿದರು, ನಾನು ತೆಪ್ಪಗೆ ಕುಟ್ಟಿಸಿಕೊಂಡೆ. ಈ ಸಂಗತಿ ನೆನೆದು ನಾವೆಲ್ಲ ಎಷ್ಟೋ ವರ್ಷ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಈಗ ನನಗೆ ನಗು ಬರುವುದಿಲ್ಲ.

ದೊಡ್ಡಪ್ಪ ಕೆಟ್ಟವರಲ್ಲ. ಅಪ್ಪ ಅಮ್ಮ ಬೇಗ ಹೋದಮೇಲೆ ನನ್ನನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹಾಗೆ ಸಾಕಿದವರು ಅವರು ಮತ್ತು ದೊಡ್ಡಮ್ಮ. ಅವರ ಸ್ವಂತ ಮಗಳು ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು. ದೊಡ್ಡಪ್ಪನದು ಗಡಿಯಾರ ರಿಪೇರಿಯ ಅಂಗಡಿ. ಒಂದು ಕಣ್ಣಿಗೆ ಕರಿ ಭೂತಗನ್ನಡಿ ಸಿಕ್ಕಿಸಿಕೊಂಡು ಅವರು ಬಗ್ಗಿದರೆ ಬೀದಿಯಲ್ಲಿ ಏನೇ ಆದರೂ ತಲೆ ಎತ್ತುತ್ತಿರಲಿಲ್ಲ. ಕೂತಲ್ಲಿ ಕೂರದ ನನಗೆ ಅವರಿಟ್ಟ ಹೆಸರು ಸೆಕೆಂಡ್ ಮುಳ್ಳು. ಗಿರಾಕಿಗಳು ಬಂದು, ಇದಕ್ಕೆ ಹೀಗಾಗಿದೆ, ಹಾಗಾಗಿದೆ ಎಂದು ಶುರುಮಾಡಿದರೆ ಕೈ ಅಡ್ಡ ಹಿಡಿಯುತ್ತಿದ್ದರು. "ನೀವು ಹೇಳ್ಬೇಡಿ. ಅದೇ ಹೇಳಲಿ." ಆಮೇಲೆ ಗಡಿಯಾರವನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಆ ಎಣ್ಣೆಯ ವಾಸನೆ, ಗೋಡೆ ತುಂಬ ಒಂದಕ್ಕೊಂದು ಹೊಂದದ ಟಿಕ್ ಟಿಕ್, ಸಂಜೆ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಲ್ಲುತ್ತಿದ್ದ ದೊಡ್ಡಮ್ಮ. ಅದೆಲ್ಲ ಈಗಲೂ ನನ್ನೊಳಗೆ ಹಾಗೇ ಇದೆ.

ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ಒಂದು ಬೆಳಿಗ್ಗೆ ಬಚ್ಚಲಲ್ಲಿ ದೊಡ್ಡಮ್ಮ ಬಟ್ಟೆ ಒಗೆಯುತ್ತಿದ್ದ ಬಕೆಟ್ಟಿನ ನೀರು ಕೆಂಪಗಿದ್ದದ್ದನ್ನು ಕಂಡೆ. ದೊಡ್ಡಮ್ಮನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅವಳು ನನ್ನ ಮುಖ ನೋಡಿ ಬಟ್ಟೆಯನ್ನು ನೀರಿನೊಳಗೆ ಒತ್ತಿದಳು.

"ಯಾರಿಗೂ ಹೇಳ್ಬೇಡ ಕಣೇ. ನಿನ್ನ ದೊಡ್ಡಪ್ಪಂಗೆ ಹೇಳಿದೀನಿ. ಅವರು ಡಾಕ್ಟ್ರಿಗೆ ಹೇಳ್ತಾರೆ."

ಆ ವಾರವೇ ದೊಡ್ಡಾಸ್ಪತ್ರೆಗೆ ಹೋದೆವು. ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಡಾಕ್ಟರು ದೊಡ್ಡಮ್ಮನನ್ನು ನೋಡಿ, ಏನಾಗ್ತಿದೆ ಎಂದು ಕೇಳಿದರು. ಉತ್ತರ ಬಂದದ್ದು ದೊಡ್ಡಪ್ಪನಿಂದ.

"ಸುಸ್ತು ಡಾಕ್ಟ್ರೇ. ಊಟ ಸೇರಲ್ಲ. ಒಂದು ಟಾನಿಕ್ ಬರ್ಕೊಡಿ."

ದೊಡ್ಡಮ್ಮ ಬಾಯಿ ತೆರೆದಳು. "ನೀನು ಸುಮ್ನಿರು, ನಾನು ಹೇಳ್ತಾ ಇದೀನಲ್ಲ" ಎಂದರು ದೊಡ್ಡಪ್ಪ, ಗದರಿಸಿಯಲ್ಲ, ಪ್ರೀತಿಯಿಂದಲೇ. ಅವಳು ಬಾಯಿ ಮುಚ್ಚಿದಳು. ಡಾಕ್ಟರು ಬರೆದುಕೊಂಡರು. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದೆ.

ಹಾಗೆ ಮೂರು ಸಲ ಹೋದೆವು, ಮೂರು ಬಾಟಲಿ ಟಾನಿಕ್ ಮುಗಿಯಿತು. ಒಂಬತ್ತು ತಿಂಗಳಾಗುವಷ್ಟರಲ್ಲಿ ಅವಳನ್ನು ಸ್ಟ್ರೆಚರಿನ ಮೇಲೆ ಒಯ್ಯಬೇಕಾಯಿತು. ಗರ್ಭಕೋಶದ ಕ್ಯಾನ್ಸರ್, ಹೊಟ್ಟೆಯೆಲ್ಲ ಹರಡಿದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರು. ಹೇಳಬೇಕಾದವಳಿಗೆ ಆಗ ಪ್ರಜ್ಞೆ ಇರಲಿಲ್ಲ. ಅವಳು ಹೋದಮೇಲೂ ಸಂಜೆ ಹೊತ್ತಿಗೆ ದೊಡ್ಡಪ್ಪ ಅಂಗಡಿಯ ಬಾಗಿಲ ಕಡೆ ನೋಡುತ್ತಿದ್ದರು. ನಾವು ಯಾರೂ ಆ ಮಾತು ಎತ್ತಲಿಲ್ಲ.

ನಾನು ನರ್ಸ್ ಆದೆ, ಅದೇ ಆಸ್ಪತ್ರೆಯಲ್ಲಿ. ಹದಿನೈದು ವರ್ಷಕ್ಕೂ ಮೇಲೆ ದುಡಿದಿದ್ದೆ, ಆಗ ಸ್ತ್ರೀರೋಗ ವಿಭಾಗಕ್ಕೆ ಹೊಸ ಡಾಕ್ಟ್ರಮ್ಮ ಬಂದರು. ಹೆಂಗಸರ ಕ್ಯಾನ್ಸರ್ ಇಷ್ಟು ತಡವಾಗಿ ಯಾಕೆ ಪತ್ತೆಯಾಗುತ್ತದೆ ಎಂದು ಅವರು ಸಂಶೋಧನೆ ಶುರುಮಾಡಿದರು. ಹೊಸ ಯಂತ್ರ ಬರುತ್ತದೇನೋ ಎಂದುಕೊಂಡೆ.

"ಯಂತ್ರ ಬೇಡ ಸಿಸ್ಟರ್, ಒಂದು ಬೆಂಚು ಬೇಕು" ಎಂದರು. "ರೋಗಿ ಕೂರೋಕಲ್ಲ, ಅವರ ಮನೆಯವರು ಹೊರಗೆ ಕೂರೋಕೆ."

ಮೊದಲು ಹಳೆಯ ಕಡತಗಳು. ದಾಖಲೆ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನೇ ಇನ್ನೂರು ಕಡತ ತೆಗೆದೆ. ಪ್ರತಿ ಹಾಳೆಯ ತಲೆಯಲ್ಲಿ ಅಚ್ಚಾದ ಒಂದು ಸಾಲಿತ್ತು, ವಿವರ ಹೇಳಿದವರು. ಅದರ ಮುಂದೆ ಗಂಡ, ಅತ್ತೆ, ಮಗ, ಮತ್ತೆ ಗಂಡ. ರೋಗಿ ಎಂದು ಬರೆದದ್ದು ಬೆರಳೆಣಿಕೆಯಷ್ಟು. ಬೇರೆಯವರು ಹೇಳಿದ ಕಡೆಗಳಲ್ಲೆಲ್ಲ ಕಾಯಿಲೆಯ ನಿಜವಾದ ಹೆಸರು ಹಾಳೆಗೆ ಬರಲು ತಿಂಗಳುಗಟ್ಟಲೆ ಹಿಡಿದಿತ್ತು. ನೂರಾ ಮೂವತ್ತೋ ಏನೋ ಕಡತ ಆದಮೇಲೆ ದೊಡ್ಡಮ್ಮನ ಹೆಸರು ಕೈಗೆ ಬಂತು. ವಿವರ ಹೇಳಿದವರು, ಗಂಡ. ತೊಂದರೆ, ಸುಸ್ತು. ಮೂರು ಹಾಳೆಯಲ್ಲೂ ಅದೇ ಎರಡು ಸಾಲು. ನಾನು ನೆಲದ ಮೇಲೆ ಕೂತು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಪಟ್ಟಿಯಲ್ಲಿ ಅವಳನ್ನೂ ಸೇರಿಸಿದೆ.

ಎರಡನೆಯ ಹಂತದಲ್ಲಿ ನಿಯಮ ಒಂದೇ. ಒಪ್ಪಿಗೆ ಪತ್ರಕ್ಕೆ ರೋಗಿಯೇ ಸಹಿ ಹಾಕಬೇಕು, ಐದು ನಿಮಿಷ ಅವಳೊಬ್ಬಳೇ ಒಳಗಿರಬೇಕು. ಅಬ್ಬಾ, ಆ ಐದು ನಿಮಿಷಕ್ಕೆ ನಾನು ತಿಂದ ಬೈಗುಳ! ಅವಳಿಗೇನು ಗೊತ್ತು ಎನ್ನುವವರು, ನಮ್ಮ ಮನೇಲಿ ಹಾಗೆಲ್ಲ ಇಲ್ಲ ಎನ್ನುವವರು, ಹೊರಗೆ ಹೋದಂತೆ ಮಾಡಿ ಬಾಗಿಲಿಗೆ ಕಿವಿ ಕೊಡುವವರು. ಮೂರು ತಿಂಗಳು ಅವರ ಜೊತೆ ಹೆಣಗಾಡಿದೆ.

ಆಗಲೇ ಒಂದು ಬೆಳಿಗ್ಗೆ ದೊಡ್ಡಪ್ಪ ಅಕ್ಕನನ್ನು ಕರೆದುಕೊಂಡು ಬಂದರು. ಅವರಿಗೆ ಎಂಬತ್ತು. ಅಕ್ಕ ಮದುವೆಯಾಗದೆ ಅವರ ಜೊತೆಯೇ ಉಳಿದಿದ್ದಳು, ನಲವತ್ತೊಂಬತ್ತು ದಾಟಿರಲಿಲ್ಲ. ಅವಳ ಮುಖ ಸುಣ್ಣದಂತಿತ್ತು.

"ಏನಿಲ್ಲ ಸೆಕೆಂಡ್ ಮುಳ್ಳು, ಸುಸ್ತು ಇವಳಿಗೆ" ಎಂದರು ದೊಡ್ಡಪ್ಪ. "ಡಾಕ್ಟ್ರಮ್ಮನ ಹತ್ರ ನಾನೇ ಹೇಳ್ತೀನಿ."

ಅದೇ ಮಾತು, ಅದೇ ದನಿ. ನಾನು ಬಾಗಿಲಿಗೆ ಅಡ್ಡ ನಿಂತೆ.

"ನೀವು ಹೊರಗೆ ಕೂತ್ಕೊಳ್ಳಿ ದೊಡ್ಡಪ್ಪ. ಐದು ನಿಮಿಷ."

"ನಾನಾ? ನಿನ್ನ ಹಲ್ಲುನೋವಿಗೂ ಮಾತಾಡಿದವನು ನಾನು."

"ಎಡಗಡೆ ಅಂದ್ರಿ. ಬಲಗಡೆ ನೋಯ್ತಿತ್ತು."

"ಅವಳು ನಾಚ್ಕೊಳ್ತಾಳೆ. ಏನೂ ಬಾಯಿ ಬಿಡಲ್ಲ."

"ನಿಮ್ಮ ಮುಂದೆ ಬಿಡಲ್ಲ. ಅಂಗಡೀಲಿ ಗಿರಾಕಿಗಳಿಗೆ ಏನಂತಿದ್ರಿ? ನೀವು ಹೇಳ್ಬೇಡಿ, ಅದೇ ಹೇಳಲಿ ಅಂತ. ಗಡಿಯಾರಕ್ಕೆ ಕೊಟ್ಟಷ್ಟು ಮರ್ಯಾದೆ ಅಕ್ಕಂಗೆ ಕೊಡಿ ದೊಡ್ಡಪ್ಪ."

ಅನ್ನ ಹಾಕಿದವರಿಗೆ ಹಾಗಂದೆನಲ್ಲ ಎನಿಸಿತು, ಆದರೂ ಬಾಗಿಲು ಬಿಟ್ಟು ಕದಲಲಿಲ್ಲ. ದೊಡ್ಡಪ್ಪ ಗೋಡೆ ಹಿಡಿದುಕೊಂಡು ಹೋಗಿ ಬೆಂಚಿನ ಮೇಲೆ ಕೂತರು.

ಒಳಗೆ ಅಕ್ಕ ಎರಡು ನಿಮಿಷ ಬೆರಳು ಹಿಸುಕಿಕೊಂಡಳು. ಮೂರನೆಯ ನಿಮಿಷ ಹೇಳಿದಳು. ಮುಟ್ಟು ನಿಂತು ವರ್ಷವಾಗಿತ್ತಂತೆ, ಎರಡು ತಿಂಗಳಿಂದ ಮತ್ತೆ ರಕ್ತ. ಡಾಕ್ಟ್ರಮ್ಮ ಅವತ್ತೇ ಗರ್ಭಕೋಶದ ಒಳಪೊರೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದೇ ಕಾಯಿಲೆ, ಆದರೆ ಗರ್ಭಕೋಶ ಬಿಟ್ಟು ಹೊರಗೆ ಹೋಗಿರಲಿಲ್ಲ. ಆಪರೇಷನ್ ಆಯಿತು. ಅಕ್ಕ ಇವತ್ತಿಗೂ ಇದ್ದಾಳೆ, ನಾನು ನಿವೃತ್ತಳಾದಮೇಲೆ ನನ್ನ ತಲೆ ತಿನ್ನುತ್ತಾ.

ಅವತ್ತು ನಾನು ಹೊರಗೆ ಬಂದಾಗ ದೊಡ್ಡಪ್ಪ ಕೇಳಿದರು. "ರಕ್ತ ಅಂದ್ಲಾ?"

"ಅದನ್ನ ಅವಳೇ ನಿಮಗೆ ಹೇಳ್ಬೇಕು."

ಅವರು ತಲೆ ತಗ್ಗಿಸಿದರು. "ಅವಳಮ್ಮ ಆಗ ನಂಗೆ ಹೇಳಿದ್ಲು. ಹೆಂಡ್ತಿಯ ಅಂಥ ಮಾತು ಇನ್ನೊಬ್ಬ ಗಂಡಸಿನ ಮುಂದೆ ಹ್ಯಾಗೆ ಹೇಳೋದು ಅಂತ ಸುಸ್ತು ಅಂದ್ಬಿಟ್ಟೆ. ಅವಳೇ ಹೇಳೋಕೆ ಹೊರಟ್ರೆ ಬಾಯಿ ಮುಚ್ಚಿಸ್ದೆ."

"ನಂಗೂ ಗೊತ್ತಿತ್ತು ದೊಡ್ಡಪ್ಪ. ನಾನೂ ಅಲ್ಲೇ ನಿಂತಿದ್ದೆ."

"ನೀನು ಮಗು ಆಗ" ಎಂದು ನನ್ನ ಕೈ ಹಿಡಿದುಕೊಂಡರು. ಇಪ್ಪತ್ತೈದು ವರ್ಷ ಮನೆಯಲ್ಲಿ ಆಡದ ಮಾತನ್ನು ನಾವು ಆಸ್ಪತ್ರೆಯ ಬೆಂಚಿನ ಮೇಲೆ ಆಡಿದೆವು.

ಆಮೇಲೆ ಅಕ್ಕನ ತಪಾಸಣೆಗೆಂದು ಬಂದಾಗಲೆಲ್ಲ ಅವರು ಆ ಬೆಂಚನ್ನು ಹಿಡಿದು ಕೂರುತ್ತಿದ್ದರು. ಒಂದು ದಿನ ಒಬ್ಬ ಗಂಡ ಬಾಗಿಲಲ್ಲಿ ನನ್ನ ಜೊತೆ ಜಗಳಕ್ಕೇ ನಿಂತ. ನನ್ನ ಹೆಂಡ್ತಿಗೆ ಸರಿಯಾಗಿ ಹೇಳೋಕೆ ಬರಲ್ಲ ಸಿಸ್ಟರ್, ನಾನಿಲ್ದೆ ಆಗಲ್ಲ ಎಂದು ಅವನ ಹಠ. ದೊಡ್ಡಪ್ಪ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದರು.

"ಬಾಪ್ಪ, ಇಲ್ಲಿ ಕೂತ್ಕೋ. ನನ್ನವಳಿಗೂ ಬರಲ್ಲ ಅಂತಾನೇ ಅಂದ್ಕೊಂಡಿದ್ದೆ. ಐದು ನಿಮಿಷ ನಾನು ಸುಮ್ನಿದ್ದಿದ್ರೆ, ಇವತ್ತು ನನ್ನ ಪಕ್ಕ ಇಲ್ಲಿ ಕೂತಿರ್ತಿದ್ಲೇನೋ."

ಅವನು ಕೂತ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.