ಮೇಲಿನ ನೋಟು

ಬ್ಯಾಂಕಿನ ಕ್ಯಾಷಿಯರಮ್ಮ ಕಟಿಂಗಿನ ದುಡ್ಡನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟು, ಪರ್ಸಿನ ಜಿಪ್ಪನ್ನು ಸರ್ರನೆ ಎಳೆದರು. "ಬರ್ತೀನಿ ಕಣೇ ಸಣ್ಣಿ. ಅಂಗಡಿ ಚೆನ್ನಾಗಿ ಮಾಡ್ಕೊಂಡಿದ್ದೀಯ" ಎಂದವರೇ ಹೊರಟುಬಿಟ್ಟರು. ಸಣ್ಣಿ ಬಾಚಣಿಗೆ ಹಿಡಿದುಕೊಂಡು, ಆ ಜಿಪ್ಪು ಇನ್ನೊಮ್ಮೆ ತೆರೆದೀತೆಂದು ಕಾಯುತ್ತ ನಿಂತಿದ್ದಳು. ತೆರೆಯಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಒಂಬತ್ತು ವರ್ಷದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ಹಳೆಯ ಪಾರ್ಲರಿನಲ್ಲಿ ಕೌಂಟರಿನ ಯಜಮಾನಿಗೆ ಬಿಲ್ಲು ಕೊಟ್ಟ ಮೇಲೆ ಈ ತಾಯಿ ಮತ್ತೆ ಕುರ್ಚಿಯ ಹತ್ತಿರ ಬಂದು, ನಾಲ್ಕು ಮಡಿಕೆ ಮಾಡಿದ ನೋಟೊಂದನ್ನು ಸಣ್ಣಿಯ ಏಪ್ರನ್ನಿನ ಜೇಬಿಗೆ ತುರುಕುತ್ತಿದ್ದರು. ಆಮೇಲೆ ಏನೂ ಆಗಲೇ ಇಲ್ಲವೆನ್ನುವ ಹಾಗೆ ಕಿಟಕಿ ಕಡೆ ನೋಡುತ್ತ ಹೋಗುತ್ತಿದ್ದರು. ಬ್ಯಾಂಕಿನಲ್ಲಿ ಹಗಲೆಲ್ಲ ನೋಟು ಎಣಿಸುವವರಿಗೆ ಒಂದು ನೋಟು ಕೊಡುವುದಕ್ಕೆ ಇಷ್ಟು ನಾಚಿಕೆಯೇ ಎಂದು ಜೊತೆಯ ಹೆಂಗಸರು ನಗುತ್ತಿದ್ದರು.

ಹೊರಗಿನವರಿಗೆ ಆ ಮೇಲಿನ ನೋಟು ಬರೀ ದುಡ್ಡು. ಕತ್ತರಿ ಹಿಡಿದವರಿಗೆ ಹಾಗಲ್ಲ. ಕನ್ನಡಿಯ ಮುಂದೆ ಕೂತವರು ಬಾಯಲ್ಲಿ ಎಲ್ಲರೂ "ಚೆನ್ನಾಗಿದೆ" ಎನ್ನುತ್ತಾರೆ. ಕತ್ತರಿ ಇನ್ನೂ ಕಿವಿಯ ಹತ್ತಿರ ಇರುವಾಗ ಇನ್ನೇನು ಅಂದಾರು ಪಾಪ! ಕೆಲಸ ಹಿಡಿಸಿತೋ ಇಲ್ಲವೋ ಎಂದು ತಿಳಿಯುತ್ತಿದ್ದದ್ದು ಕೈ ಪರ್ಸಿಗೆ ಹೋದಾಗಲೇ. ಸಣ್ಣಿ ಅಂತೂ ಇಷ್ಟು ವರ್ಷ ಹಾಗೆಂದೇ ನಂಬಿಕೊಂಡು ಬಂದಿದ್ದಳು.

ಈಗ ಸ್ವಂತ ಅಂಗಡಿ. ಒಂದು ಕೋಣೆ, ಒಂದು ಕುರ್ಚಿ, ಒಂದು ಸಿಂಕು. ಹಳೆಯ ಗಿರಾಕಿಗಳಲ್ಲಿ ಹನ್ನೊಂದು ಜನ ಹುಡುಕಿಕೊಂಡು ಬಂದಿದ್ದರು. ಹನ್ನೊಂದು ಜನರೂ ರೇಟು ಎಷ್ಟೋ ಅಷ್ಟೇ ಕೊಟ್ಟು ನಗುನಗುತ್ತಾ ಹೋಗಿದ್ದರು. ಒಬ್ಬರಾದರೆ ಮರೆತರು ಅನ್ನಬಹುದು. ಹನ್ನೊಂದು ಜನಕ್ಕೂ ಮರೆವು ಬಡಿಯಿತೇ?

"ರೇಟು ನಿಂದೇ ತಾನೆ? ಬೇಕಾದ್ರೆ ಜಾಸ್ತಿ ಮಾಡ್ಕೋ" ಎಂದಿದ್ದ ಗಂಡ.

"ದುಡ್ಡಿನ ಮಾತಲ್ಲ ಕಣ್ರೀ."

"ಮತ್ತಿನ್ನೇನು?" ಎಂದು ಅವನು ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ತಿಂಗಳ ಸಂಬಳ ತರುವವನಿಗೆ ಇದನ್ನೆಲ್ಲ ಹೇಗೆ ಬಿಡಿಸಿ ಹೇಳುವುದು?

ಹಳೆಯ ಪಾರ್ಲರ್ ಬಿಟ್ಟು ಬರುವಾಗ ಯಜಮಾನಿ ಹೇಳಿದ್ದಳು: "ಒಂದು ತಿಂಗಳು ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಿ. ಆಮೇಲೆ ನನ್ನ ಬಾಗಿಲಿಗೆ ಬರ್ಬೇಡ." ಆ ತಿಂಗಳು ನಾಳೆಗೆ ಮುಗಿಯುತ್ತಿತ್ತು. ರಾತ್ರಿಯೆಲ್ಲ ಹೊರಳಾಡಿ ಸಣ್ಣಿ ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡಿದ್ದಳು: ಇವತ್ತು ಬರುತ್ತೇನೆಂದಿದ್ದ ಕ್ಯಾಷಿಯರಮ್ಮ ತನ್ನ ಜೇಬಿಗೆ ಕೈ ಹಾಕಿದರೆ ಇಲ್ಲೇ ಇರುವುದು, ಹಾಕದಿದ್ದರೆ ಕೈಯಲ್ಲಿ ಕಸುಬೇ ಇಲ್ಲವೆಂದು ಒಪ್ಪಿಕೊಂಡು ವಾಪಸು ಹೋಗುವುದು.

ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದಳು. ಗುಡಿಸಿದ ಕೂದಲನ್ನೇ ಮತ್ತೆ ಗುಡಿಸಿದಳು. ಫೋನ್ ತೆಗೆದು ಯಜಮಾನಿಯ ನಂಬರು ಒತ್ತಿದಳು. ಆ ಕಡೆ ಒಂದು ಸಲ ರಿಂಗಾಗುವಷ್ಟರಲ್ಲಿ ಕಟ್ ಮಾಡಿಬಿಟ್ಟಳು. ಛೆ, ಏನು ಕೆಟ್ಟಿತೆಂದು ತಿಳಿಯದೆ ಹೋಗಿ ಸೋತೆ ಅನ್ನುವುದು ಹೇಗೆ? ಏಪ್ರನ್ನನ್ನೂ ಬಿಚ್ಚದೆ ಬಸ್ ಸ್ಟಾಪಿಗೆ ಓಡಿದಳು.

ಕ್ಯಾಷಿಯರಮ್ಮ ಬಸ್ಸಿಗೆ ಕಾಯುತ್ತ ನಿಂತಿದ್ದರು. "ಏನೇ ಸಣ್ಣಿ, ಏನಾದ್ರೂ ಮರೆತು ಬಂದ್ನಾ?"

"ಹೂಂ" ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅಲ್ಲಮ್ಮ... ಕೆಟ್ಟದಾಗಿ ಕತ್ತರಿಸಿದ್ನಾ? ನಿಜ ಹೇಳಿಬಿಡಿ. ಇವತ್ತು ನೀವು ನನ್ನ ಜೇಬಿಗೆ ಕೈ ಹಾಕ್ಲಿಲ್ಲ."

ಕ್ಯಾಷಿಯರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. "ಹುಚ್ಚಿ! ಓನರಿಗೆ ಯಾರಾದ್ರೂ ಟಿಪ್ಸ್ ಕೊಡ್ತಾರೇನೇ? ಬರ್ತಾ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಕೊಟ್ರೆ, ಇವರು ನನ್ನನ್ನ ಇನ್ನೂ ಕೆಲಸದವಳು ಅಂದ್ಕೊಂಡಿದ್ದಾರೆ ಅಂತ ನೀನು ಬೇಜಾರು ಮಾಡ್ಕೋತೀಯ. ಕೊಡದಿದ್ರೆ ಇಷ್ಟು ವರ್ಷದ ಅಭ್ಯಾಸ. ಎದ್ದು ಬರೋಷ್ಟರಲ್ಲಿ ನನಗೇ ಬೆವರು ಕಿತ್ತುಕೊಂಡು ಬಂತು!"

ಸಣ್ಣಿಗೆ ಹೋದ ಜೀವ ಬಂದಂತಾಯಿತು. ಅವಳೂ ನಕ್ಕಳು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಮೂರು ವಾರದಿಂದ ಕೊರೆಯುತ್ತಿದ್ದ ಮನಸ್ಸು ಸುಮ್ಮನಿದ್ದೀತೇ? "ಹಾಗಾದ್ರೆ ಕಟಿಂಗ್ ಚೆನ್ನಾಗಿದೆ. ಇಷ್ಟು ವರ್ಷವೂ ಚೆನ್ನಾಗೇ ಇತ್ತು, ಅಲ್ವಾ ಅಮ್ಮ?"

ಕ್ಯಾಷಿಯರಮ್ಮ ಈ ಸಲ ನಗಲಿಲ್ಲ. ಬಸ್ಸು ಬರುವ ಕಡೆ ನೋಡಿದರು.

"ಆ ನೋಟು ಕಟಿಂಗಿಗಲ್ಲ ಕಣೆ. ಮೊದಲನೇ ದಿನ ನಾನು ಬಂದಾಗ ನಿನ್ನ ಯಜಮಾನಿ ಎಲ್ಲರೆದುರಿಗೆ ನಿನ್ನ ನೀರಿಳಿಸ್ತಿದ್ಲು. ನೀನು ಉಸಿರೆತ್ತದೆ ನನ್ನ ತಲೆ ತೊಳೀತಿದ್ದೆ. ಕಣ್ಣೀರು ನನ್ನ ಹಣೆ ಮೇಲೆ ಬಿತ್ತು. ಹೊಟ್ಟೆ ಉರಿದುಹೋಯ್ತು ನನಗೆ. ಅವತ್ತು ಕೊಟ್ಟೆ. ಒಂದು ಸಲ ಕೊಟ್ಟ ಮೇಲೆ ಹೇಗೆ ನಿಲ್ಸೋದು, ನೀನೇ ಹೇಳು?"

"ಮತ್ತೆ ಕಟಿಂಗು?"

"ಬಲಗಡೆ ಒಂಚೂರು ಉದ್ದ ಇರುತ್ತೆ." ಕ್ಯಾಷಿಯರಮ್ಮ ಆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು. "ಯಾವಾಗ್ಲೂ. ಮನೆಗೆ ಹೋಗಿ ಉಗುರು ಕತ್ತರಿಸೋ ಕತ್ತರೀಲಿ ಸರಿ ಮಾಡ್ಕೋತೀನಿ."

ಸಣ್ಣಿಯ ಮುಖ ಉರಿಯತೊಡಗಿತು. "ಒಂಬತ್ತು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲಮ್ಮ!"

"ಹೇಳಿದ್ರೆ ಅವಳು ನಿನ್ನ ಸುಮ್ನೆ ಬಿಡ್ತಿದ್ಲಾ? ಈಗ ನಿನ್ನ ಅಂಗಡಿ. ಬಯ್ಯೋರು ಯಾರೂ ಇಲ್ಲ, ಅದಕ್ಕೇ ಹೇಳ್ದೆ."

ಬಸ್ಸು ಬಂತು. ಸಣ್ಣಿ ಅವರ ಮಣಿಕಟ್ಟು ಹಿಡಿದುಕೊಂಡಳು. "ಬನ್ನಿ."

"ಎಲ್ಲಿಗೇ? ಬಸ್ಸು!"

"ಇನ್ನೊಂದು ಬರುತ್ತೆ, ಬನ್ನಿ."

ಮತ್ತೆ ಕೂರಿಸಿ, ಬಟ್ಟೆ ಹೊದಿಸಿ, ಕೂದಲು ಒದ್ದೆ ಮಾಡಿ ಬಾಚಿದಳು. ನಿಜ. ಬಲಗಡೆ ಅರ್ಧ ಬೆರಳು ಉದ್ದ. ಕುರುಡಿಗೂ ಕಾಣುವಂತಿತ್ತು. ಹತ್ತಿರದಿಂದ ನೋಡೋಣವೆಂದು ಬಲಗಡೆಗೆ ಹೋಗಲು ಹೆಜ್ಜೆ ಎತ್ತಿದಳು. ಭುಜ ಗೋಡೆಗೆ ಬಡಿಯಿತು.

ಕುರ್ಚಿಗೂ ಗೋಡೆಗೂ ನಡುವೆ ಒಂದು ಗೇಣೂ ಇರಲಿಲ್ಲ. ಹಳೆಯ ಪಾರ್ಲರಿನಲ್ಲಿ ಅವಳದು ಸಾಲಿನ ಕೊನೆಯ ಕುರ್ಚಿ. ಬಲಕ್ಕೆ ಕಂಬ, ಕಾಲಿಡಲು ಜಾಗವಿಲ್ಲ. ಕುರ್ಚಿಯೋ ತಿರುಗುವುದನ್ನು ಎಂದೋ ನಿಲ್ಲಿಸಿತ್ತು. ಎಡಗಡೆ ನಿಂತು, ಗಿರಾಕಿಯ ತಲೆಯ ಮೇಲಿಂದ ಕೈ ಚಾಚಿಯೇ ಬಲಗಡೆ ಕತ್ತರಿಸಬೇಕಿತ್ತು. ಇಲ್ಲಿ ಕಂಬವಿರಲಿಲ್ಲ. ಗೋಡೆಗೆ ಒತ್ತಿ ಇಡು ಎಂದು ಯಾರೂ ಹೇಳಿರಲಿಲ್ಲ. ಅಂಗಡಿ ತೆರೆದ ದಿನ ತಾನೇ ಕುರ್ಚಿಯನ್ನು ನೂಕಿಕೊಂಡು ಹೋಗಿ ಗೋಡೆಗೆ ಅಂಟಿಸಿ, ಈಗ ಸರಿಹೋಯಿತು ಅಂದುಕೊಂಡಿದ್ದಳು. ತನ್ನ ಮೇಲೆ ತನಗೇ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಯಜಮಾನಿ.

"ಏನೇ, ಫೋನ್ ಮಾಡಿ ಕಟ್ ಮಾಡಿದ್ದೆ? ನಾಳೆ ಬರ್ತೀಯಾ?"

"ಇಲ್ಲ ಅಕ್ಕ. ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ಇಡುವ ಮೊದಲು ಸಣ್ಣಿ ತಡೆದಳು. "ಮತ್ತೆ ಅದನ್ನ ಕಂಬದಿಂದ ಸ್ವಲ್ಪ ಈಚೆಗೆ ಎಳೆಸಿ ಅಕ್ಕ. ಪಾಪ, ಬರೋವಳಿಗೆ ನಿಲ್ಲೋಕೆ ಜಾಗ ಬೇಕು."

ಫೋನ್ ಇಟ್ಟು, "ಎದ್ದೇಳಿ ಅಮ್ಮ" ಎಂದಳು.

"ಮತ್ತೇನೇ ಈಗ?"

"ಒಂದು ಕೈ ಹಿಡೀರಿ."

ಕತ್ತಿನಿಂದ ಬಟ್ಟೆ ಇಳಿಬಿಟ್ಟುಕೊಂಡೇ ಕ್ಯಾಷಿಯರಮ್ಮ ಒಂದು ಕಡೆ ಹಿಡಿದರು, ಸಣ್ಣಿ ಇನ್ನೊಂದು ಕಡೆ. ಕಬ್ಬಿಣದ ಕುರ್ಚಿ ಒಂದೇ ಏಟಿಗೆ ಕದಲಲಿಲ್ಲ. "ಸೊಂಟ ಹೋದ್ರೆ ನೀನೇ ಜವಾಬ್ದಾರಿ" ಎಂದು ಗೊಣಗುತ್ತಲೇ ಅವರು ಇನ್ನೊಮ್ಮೆ ಜಗ್ಗಿದರು. ನೆಲವನ್ನು ಕಿರ್ರೆಂದು ಗೀರುತ್ತ ಕುರ್ಚಿ ಕೋಣೆಯ ನಡುವಿಗೆ ಬಂತು. ಅವರು ಏದುಸಿರು ಬಿಡುತ್ತ ಅದರ ಮೇಲೆ ಕೂತರು.

ಸಣ್ಣಿ ಕುರ್ಚಿಯನ್ನು ಸುತ್ತಿಕೊಂಡು ಬಲಗಡೆಗೆ ಬಂದು ಕೂದಲನ್ನು ಮೇಲೆತ್ತಿ ಹಿಡಿದಳು. ಕಿವಿಯ ಹಿಂದೆ ಮೆಣಸಿನ ಕಾಳಿನಷ್ಟು ದೊಡ್ಡ ಮಚ್ಚೆ ಇತ್ತು.

"ಅಮ್ಮ, ಇಲ್ಲೊಂದು ಮಚ್ಚೆ ಇದೆ."

"ಹುಟ್ಟಿದಾಗಿನಿಂದ ಇದೆ ಕಣೆ" ಎಂದರು ಕ್ಯಾಷಿಯರಮ್ಮ, ಕತ್ತು ಬಗ್ಗಿಸುತ್ತ. "ಕಿವಿ ಹುಷಾರು."

ಸಣ್ಣಿ ಒಂದು ಬೆರಳಿನಿಂದ ಮೆಲ್ಲಗೆ ಆ ಕಿವಿಯನ್ನು ಮಡಿಸಿ ಹಿಡಿದುಕೊಂಡು ಕತ್ತರಿ ಆಡಿಸತೊಡಗಿದಳು.