ನೀಲಿ ಮೊಟ್ಟೆ, ಕೆಂಪು ಚುಕ್ಕೆ

ಬೆಳಿಗ್ಗೆಯಿಂದ ಪುನೀತನದು ಒಂದೇ ರಾಗ. "ಅಪ್‌ಡೇಟ್ ಒತ್ತಿದ್ಯಾ?"

ಒತ್ತಿಲ್ಲ, ಒತ್ತುವುದೂ ಇಲ್ಲ ಎಂದರೆ ಫೋನಿನಲ್ಲೇ ಪಾಠ ಶುರು ಮಾಡುತ್ತಾನೆ. ನನ್ನ ಗಂಡ ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು. ಮನುಷ್ಯ ಒಳ್ಳೆಯವನೇ, ಆದರೆ ಯಾವ ಯಂತ್ರವನ್ನೂ ಅದರ ಪಾಡಿಗೆ ಬಿಡುವ ಜಾಯಮಾನದವನಲ್ಲ. ಸಿದ್ಧಾರ್ಥನಗರದ ನಮ್ಮ ಮನೆಯ ಟಿವಿ ಅವನು ರಿಪೇರಿ ಮಾಡಿದ ಮೇಲೆ ಎಲ್ಲ ಭಾಷೆಯಲ್ಲೂ ಮಾತಾಡುತ್ತದೆ, ಕನ್ನಡ ಒಂದು ಬಿಟ್ಟು.

ಈ ಸಲ ಅವನ ಕಣ್ಣು ಬಿದ್ದಿದ್ದು ಸೋಲಾರ್ ಪೆಟ್ಟಿಗೆಯ ಮೇಲೆ. ಮಂಡಕಳ್ಳಿ ದಾಟಿ, ವಿಮಾನ ಇಳಿಯುವ ಬಯಲಿನ ಆಚೆ, ಅತ್ತೆಯ ತವರಿನವರು ಕೊಟ್ಟ ಜಮೀನಿನಲ್ಲಿ ನಮ್ಮದೊಂದು ಪುಟ್ಟ ಕಟ್ಟಡವಿದೆ. ಅಲ್ಲಿಗಿನ್ನೂ ಕರೆಂಟ್ ಕಂಬ ಬಂದಿಲ್ಲ. ತಾರಸಿಯ ಮೇಲೆ ಸೋಲಾರ್ ಹಲಗೆ, ಮುಂದಿನ ಕೋಣೆಯಲ್ಲಿ ಬ್ಯಾಟರಿ, ಗೋಡೆಯ ಮೇಲೆ ಈ ಪೆಟ್ಟಿಗೆ. ಬಿಸಿಲಿನಿಂದ ಬಂದದ್ದರಲ್ಲಿ ಬ್ಯಾಟರಿಗೆ ಎಷ್ಟು, ಒಳಗಿನ ಫ್ಯಾನು ಹೀಟರಿಗೆ ಎಷ್ಟು ಎಂದು ತೀರ್ಮಾನ ಮಾಡುವುದು ಅದೇ. ಹಿಂದಿನ ಕೋಣೆ ಪೂರಾ ಕತ್ತಲು; ಅಲ್ಲಿನ ಬಲ್ಬು ತಾನಾಗಿ ಹತ್ತದಂತೆ ಪೆಟ್ಟಿಗೆಯಲ್ಲೇ ಸೆಟ್ಟಿಂಗ್ ಮಾಡಿಟ್ಟಿದ್ದೆವು. ಅಲ್ಲಿ ತಟ್ಟೆಗಳಲ್ಲಿ ರೇಷ್ಮೆ ಹುಳದ ಮೊಟ್ಟೆ.

ನಾನು ಚಾಕಿ ಸಾಕುವವಳು. ಮೊಟ್ಟೆ ಒಡೆಸಿ, ಮರಿಹುಳಗಳು ಎರಡನೇ ಜ್ವರ ಕಳೆಯುವವರೆಗೆ ನೋಡಿಕೊಂಡು ರೈತರಿಗೆ ಕೊಡುವುದು ನನ್ನ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಬಿಟ್ಟು ಅಲುಗದೆ ಕೂರುತ್ತದಲ್ಲ, ಅದು. ಎಲ್ಲ ಹುಳವೂ ಒಟ್ಟಿಗೆ ಹುಟ್ಟಿದರೆ ಒಟ್ಟಿಗೆ ತಿನ್ನುತ್ತವೆ, ಒಟ್ಟಿಗೆ ಜ್ವರಕ್ಕೆ ಕೂರುತ್ತವೆ. ಹಿಂದುಮುಂದಾದರೆ ಅರ್ಧ ಮಲಗಿರುವಾಗ ಇನ್ನರ್ಧ ಹಸಿದಿರುತ್ತವೆ, ಸಾಕುವವರ ಪ್ರಾಣ ಹೋಗುತ್ತದೆ. ಅದಕ್ಕೇ ಮೊಟ್ಟೆ ನೀಲಿಗೆ ತಿರುಗಿದ ಕೂಡಲೇ ಕಗ್ಗತ್ತಲಲ್ಲಿಟ್ಟು, ಮಾರನೆಯ ಬೆಳಿಗ್ಗೆ ಒಂದೇ ಸಲ ಬೆಳಕು ಬಿಡುವುದು. ಬೆಳಕು ಕಂಡಿದ್ದೇ ತಡ, ಎಲ್ಲವೂ ಒಡೆದು ಬರುತ್ತವೆ.

ಅವತ್ತು ಮೊಟ್ಟೆ ನೀಲಿಗೆ ತಿರುಗಿತ್ತು. ನನ್ನ ಸ್ವಂತ ಹೆಸರಿನಲ್ಲಿ ಅದು ಮೊದಲ ತಂಡ. ಮಂಟೇಸ್ವಾಮಿ ಎಂಬ ಹಳೆಯ ರೇಷ್ಮೆ ಬೆಳೆಗಾರರು ನನ್ನ ಮಾತು ನಂಬಿ, ಮರಿಹುಳ ಕೊಳ್ಳಲು ತಾವೂ ಒಪ್ಪಿ, ಅಕ್ಕಪಕ್ಕದ ಊರಿನವರನ್ನೂ ಒಪ್ಪಿಸಿದ್ದರು. ಮೊದಲ ತಂಡ ಕೆಟ್ಟರೆ ಎರಡನೆಯದನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಇದು ನನಗೆ ಗೊತ್ತಿತ್ತು.

ಪೆಟ್ಟಿಗೆಗೆ ಒಂದು ರೋಗವಿತ್ತು ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಆಷಾಢದ ಗಾಳಿಗೆ ಮೋಡಗಳು ಓಡುತ್ತಿದ್ದವು. ಮೋಡ ಸರಿದು ಬಿಸಿಲು ರಪ್ಪನೆ ಹೊಡೆದಾಗ ಪೆಟ್ಟಿಗೆ ಗರಬಡಿದು ನಿಂತುಬಿಡುತ್ತಿತ್ತು. ಫ್ಯಾನು ನಿಂತು, ಹೀಟರು ನಿಂತು, ಕೋಣೆ ತಣ್ಣಗಾಗುತ್ತಿತ್ತು. ಆಗ ನಾನು ಮೊದಲು ಹಲಗೆಯ ಸ್ವಿಚ್ಚು, ಆಮೇಲೆ ಬ್ಯಾಟರಿಯ ಸ್ವಿಚ್ಚು ಇಳಿಸಿ, ಮತ್ತೆ ಬ್ಯಾಟರಿಯದನ್ನು ಮೊದಲು ಏರಿಸಿ ಅದಕ್ಕೆ ಜೀವ ಕೊಡಬೇಕು. ಪುನೀತನ ಫೋನಿನ ಆ್ಯಪ್‌ನಲ್ಲಿ ಹೊಸ ಸಾಫ್ಟ್‌ವೇರ್ ಬಂದಿದೆ ಎಂದು ಒಂದು ಕೆಂಪು ಚುಕ್ಕೆ ಕೂತಿತ್ತು. ಅದನ್ನು ಹಾಕಿದರೆ ಈ ರೋಗ ವಾಸಿಯಂತೆ.

"ಗ್ರೂಪಲ್ಲಿ ಎಲ್ರೂ ಹಾಕ್ಕೊಂಡವ್ರೆ ಕಣೇ. ಸೂಪರ್ ಆಗಿದೆ ಅಂತವ್ರೆ."

"ಒಬ್ರುದು ಪೆಟ್ಟಿಗೇನೇ ಸತ್ತೋಯ್ತು ಅಂತನೂ ಅದೇ ಗ್ರೂಪಲ್ಲಿ ಹಾಕವ್ರೆ. ನೀನೇ ತೋರ್ಸಿದ್ದು."

"ಅವ್ನು ಮಧ್ಯದಲ್ಲಿ ಆಫ್ ಮಾಡವ್ನೆ, ಅದಕ್ಕೆ."

ಅತ್ತೆ ಶಿವನಂಜಮ್ಮ ಬಾಗಿಲ ಬಳಿ ಗೋಣಿತಾಟು ನೆನೆಸುತ್ತಾ ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹುಳದ ಮನೆಯಲ್ಲೇ ಹುಟ್ಟಿ ಬೆಳೆದವರು. ಅವರ ತವರಿನಲ್ಲಿ ಮೊಟ್ಟೆ ನೀಲಿಗೆ ತಿರುಗಿದರೆ ಮನೆಯೇ ಬಾಯಿ ಮುಚ್ಚಿಕೊಳ್ಳುತ್ತಿತ್ತಂತೆ. ಹೊರಗಿನವರು ಒಳಗೆ ಬರುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆ ಕಟ್ಟಳೆ ಇಲ್ಲಿಗೂ ಬಂದಿತ್ತು, ಅದೂ ನೀಲಿ ಬೀಳುವ ಮುಂಚೆಯೇ. ಎರಡು ದಿನದಿಂದ ಮುದ್ದೆಗೆ ಒಗ್ಗರಣೆಯಿಲ್ಲದ ಸಪ್ಪೆ ಸಾರು ತಿಂದು ನನ್ನ ನಾಲಿಗೆ ಮುಷ್ಕರ ಹೂಡಿತ್ತು.

"ನೀಲಿ ಬಿದ್ಮೇಲೆ ಹೊಸದೇನೂ ಮುಟ್ಟಬ್ಯಾಡ್ದು ಕಣವ್ವ," ಎಂದರು ಅತ್ತೆ. "ಇದ್ದದ್ದು ಇದ್ದಂಗೇ ಇರ್ಲಿ."

"ನೋಡು, ಇನ್ನು ಅವ್ವನ್ನ ಕೇಳ್ಕೊಂಡು ಸಾಫ್ಟ್‌ವೇರ್ ಹಾಕ್ಬೇಕಾ?" ಎಂದ ಪುನೀತ.

ನಾನು ಅತ್ತೆಯ ಮಾತಿಗೆ ತಲೆಬಾಗಿದೆನೆಂದಲ್ಲ. ನನ್ನದೇ ಲೆಕ್ಕಾಚಾರವಿತ್ತು. ಪೆಟ್ಟಿಗೆ ಕೈಕೊಡುವುದು ಬಿಸಿಲು ಇದ್ದಾಗ ಮಾತ್ರ. ಸಂಜೆಯವರೆಗೆ ಅದರ ಕೆಳಗೆ ಕೂತರಾಯಿತು, ನಿಂತರೆ ಎಬ್ಬಿಸುತ್ತೇನೆ. ಗೊತ್ತಿರುವ ರೋಗಕ್ಕೆ ನನ್ನ ಹತ್ತಿರ ಮದ್ದಿದೆ. ಹೊಸ ಸಾಫ್ಟ್‌ವೇರ್ ಏನು ತರುತ್ತದೋ ಅದಕ್ಕೆ ಮದ್ದಿಲ್ಲ. ಜೊತೆಗೆ, ಬದಲಿ ಪೆಟ್ಟಿಗೆಯೂ ಇಲ್ಲ.

"ಈ ತಂಡ ಹೋಗ್ಲಿ, ಆಮೇಲೆ ಹಾಕೋಣ. ಇವತ್ತು ಬೇಡ," ಎಂದೆ.

"ಸರಿ ಕಣೇ," ಎಂದ. ಅಷ್ಟು ಸುಲಭವಾಗಿ ಅವನು ಯಾವತ್ತೂ ಸರಿ ಎಂದವನಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು.

ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಕೆಳಗೆ ಕೂತೆ. ಮೋಡ ಬಂದಾಗ ಉಸಿರು ಬಿಡುತ್ತಿದ್ದೆ, ಬಿಸಿಲು ಬಂದಾಗ ಹಿಡಿಯುತ್ತಿದ್ದೆ. ಲೋಕಕ್ಕೆಲ್ಲ ಆಷಾಢದ ಬಿಸಿಲು ಹಿತವಾದರೆ ನನಗೆ ಅದು ಹಗೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ ನಿಂತಿತು. ಸ್ವಿಚ್ಚು ಇಳಿಸಿ ಏರಿಸಿದೆ, ಮತ್ತೆ ಹೊರಟಿತು. ನನ್ನ ತೀರ್ಮಾನ ಸರಿಯೆನಿಸಿ ಸ್ವಲ್ಪ ಹೆಮ್ಮೆಯೂ ಆಯಿತು.

ಟೀ ಹೊತ್ತು ದಾಟಿರಬೇಕು. ಪೆಟ್ಟಿಗೆಯ ಪರದೆ ಒಮ್ಮೆಲೇ ಕಪ್ಪಾಯಿತು. ಅಭ್ಯಾಸದ ಮೇಲೆ ಕೈ ಸ್ವಿಚ್ಚಿಗೆ ಹೋಯಿತು. ಅಷ್ಟರಲ್ಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅಕ್ಷರ ಮೂಡಿತು: ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ.

ನಾನು ಒತ್ತಿರಲಿಲ್ಲ. ಕಟ್ಟಡದಲ್ಲಿ ಇದ್ದದ್ದು ನಾನು ಮತ್ತು ಅತ್ತೆ. ಆ್ಯಪ್ ಇದ್ದದ್ದು ಹೆಬ್ಬಾಳದಲ್ಲಿ, ಪುನೀತನ ಜೇಬಿನಲ್ಲಿ.

ಒಳಗೆ ಫ್ಯಾನಿನ ಸದ್ದು ನಿಂತಿತು. ಸ್ವಿಚ್ಚಿನ ಮೇಲಿದ್ದ ಕೈಯನ್ನು ನಾನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದೆ. ನಂಬಿ, ನಿಜವಾಗಿ ಹಾಗೇ ಮಾಡಿದೆ. ಬೆಳಿಗ್ಗೆಯಿಂದ ನನ್ನ ಧೈರ್ಯವೆಲ್ಲ ಆ ಸ್ವಿಚ್ಚಿನಲ್ಲಿತ್ತು. ಈಗ ಅದನ್ನು ಮುಟ್ಟಿದರೆ ಪೆಟ್ಟಿಗೆ ಸಾಯುತ್ತದೆ, ಮುಟ್ಟದಿದ್ದರೆ ಕೋಣೆ ತಣ್ಣಗಾಗುತ್ತಾ ಹೋಗುತ್ತದೆ. ಪರದೆಯ ಮೇಲಿನ ಗೆರೆ ಅರ್ಧಕ್ಕೆ ಬಂದು ನಿಂತಿತ್ತು. ಹೊರಗೆ ಮೋಡ ಸರಿಯಿತು, ಬಿಸಿಲು ನೆಲದ ಮೇಲೆ ಚಾಪೆ ಹಾಸಿತು. ಅತ್ತೆ ಬಿಸಿನೀರಿನ ಪಾತ್ರೆಗಳನ್ನು ತಂದು ಕತ್ತಲ ಕೋಣೆಯ ಬಾಗಿಲಿಗೆ ಒತ್ತಿ ಇಟ್ಟರು. ನನಗೆ ಅಳು ಬಂತು. ಅದಕ್ಕಿಂತ ಮುಂಚೆ ಸಿಟ್ಟು ಬಂತು.

ಗೆರೆ ಅಲುಗಿತು. ಅಲುಗಿ, ತುಂಬಿ, ಮಾಯವಾಯಿತು. ಪರದೆ ಬೆಳಗಿತು, ಒಳಗೆ ಫ್ಯಾನು ಗುಯ್ಯೆಂದಿತು. ಅದರ ಹಿಂದೆಯೇ ಫೋನು.

"ಆಯ್ತಾ? ಬಂತಾ?" ಪುನೀತನ ದನಿ ಹಬ್ಬದ ದನಿ. "ನಿಂಗೆ ಟೆನ್ಶನ್ ಬ್ಯಾಡ ಅಂತ ನಾನೇ ಒತ್ಬುಟ್ಟೆ."

"ಬೇಡ ಅಂದಿದ್ದೆ ತಾನೇ ನಾನು?"

"ಆಯ್ತಲ್ಲ ಈಗ! ಇನ್ಮೇಲೆ ಸ್ಟೂಲ್ ಮೇಲೆ ಕೂರೋ ಕೆಲ್ಸ ಇಲ್ಲ."

"ನಾವು ಮಾಡಿಟ್ಟಿದ್ದ ಸೆಟ್ಟಿಂಗ್ ಎಲ್ಲಾ ಹಂಗೇ ಇದ್ಯಾ?"

"ಹಂಗೇ ಇರ್ತದೆ ಕಣೇ, ಸಾಫ್ಟ್‌ವೇರ್ ತಾನೇ ಬದಲಾಗಿದ್ದು. ಬೆಲ್ ಆಯ್ತು, ಫೋನ್ ಲಾಕರಲ್ಲಿ ಇಡ್ಬೇಕು," ಎಂದು ಇಟ್ಟೇಬಿಟ್ಟ.

ಫ್ಯಾನು ತಿರುಗುತ್ತಿತ್ತು, ಶಾಖ ಮತ್ತೆ ಏರಿತು, ಬಿಸಿಲು ಬಂದರೂ ಪೆಟ್ಟಿಗೆ ನಿಲ್ಲಲಿಲ್ಲ. ರೋಗವೇನೋ ವಾಸಿಯಾಗಿತ್ತು, ಸುಳ್ಳು ಹೇಳಬಾರದು. ಸಂಜೆ ತಂಪಿಗೆ ನಾನೂ ಅತ್ತೆಯೂ ಬುಟ್ಟಿ ಹಿಡಿದು ಹಿಪ್ಪುನೇರಳೆ ತೋಟಕ್ಕಿಳಿದೆವು. ಮರುದಿನ ಹುಟ್ಟುವ ಮರಿಗಳ ಮೊದಲ ಊಟಕ್ಕೆ ಎಳೆ ಸೊಪ್ಪು ಬೇಕಿತ್ತು. ಮೈಸೂರಿನ ಕಡೆಯಿಂದ ವಿಮಾನವೊಂದು ತಗ್ಗಿ ಬಂದು ಇಳಿಯಿತು. ಹೊತ್ತು ಮುಳುಗಿತು. ಬುಟ್ಟಿ ತುಂಬಿಕೊಂಡು ಹಿಂದಿರುಗಿ ಬಾಗಿಲು ತೆರೆದೆ.

ಕತ್ತಲ ಕೋಣೆಯ ಬಾಗಿಲ ಕೆಳಗೆ ಬೆಳಕಿನ ಗೆರೆ ಇತ್ತು.

ಬುಟ್ಟಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಒಳಗೆ ನುಗ್ಗಿದರೆ ಮಧ್ಯದಲ್ಲಿ ಬಲ್ಬು ಧಗಧಗ ಉರಿಯುತ್ತಿದೆ. ಅದರ ಕೆಳಗೆ ತಟ್ಟೆ ತಟ್ಟೆಯಲ್ಲೂ ನನ್ನ ಮೊಟ್ಟೆಗಳು, ನಡುಹಗಲಿನಂತೆ ಬೆಳಗುತ್ತಿವೆ. ದುಪಟ್ಟಾ ಸುತ್ತಿ ಬಲ್ಬು ಕಿತ್ತೆ. ಕತ್ತಲಾಯಿತು. ಎಷ್ಟು ಹೊತ್ತು ಉರಿದಿತ್ತು ಎಂದು ಹೇಳುವವರು ಯಾರೂ ಇರಲಿಲ್ಲ.

ಆಮೇಲೆ ತಿಳಿಯಿತು. ಹೊಸ ಸಾಫ್ಟ್‌ವೇರ್ ನಮ್ಮ ಸೆಟ್ಟಿಂಗನ್ನೆಲ್ಲ ಮರೆತು, ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಹೋಗಿತ್ತು. ಆ ಸ್ಥಿತಿಯಲ್ಲಿ ಪೆಟ್ಟಿಗೆಗೆ ತಾನು ಬೀದಿದೀಪದ ಯಜಮಾನನೆಂಬ ಭ್ರಮೆ. ಹೊತ್ತು ಮುಳುಗಿದರೆ ಬಲ್ಬು ಹಚ್ಚುವುದೇ ಅದರ ಧರ್ಮ.

ಅತ್ತೆ ಒಂದು ಮಾತೂ ಬೈಯಲಿಲ್ಲ. ನೆಲದ ಮೇಲೆ ಚೆಲ್ಲಿದ ಸೊಪ್ಪು ಆರಿಸಿದರು. "ಬೆಳಿಗ್ಗೆ ನೋಡುವ ಬುಡವ್ವ," ಎಂದರು, ಅಷ್ಟೇ.

ಬೆಳಿಗ್ಗೆ ಕಿಟಕಿ ತೆರೆದಾಗ ಅನುಮಾನಕ್ಕೆ ಎಡೆಯೇ ಇರಲಿಲ್ಲ. ತಟ್ಟೆಗಳ ಮೇಲೆ ಆಗಲೇ ಮರಿಗಳು ಹರಿದಾಡುತ್ತಿದ್ದವು, ಎಳ್ಳು ಚೆಲ್ಲಿದಂತೆ. ಹಸಿದು, ಅಂಚು ದಾಟಿ ಅಲೆಯುತ್ತಿದ್ದವು. ಉಳಿದವು ಆಗಷ್ಟೇ ಬೆಳಕು ಕಂಡು ಒಡೆಯತೊಡಗಿದವು. ಒಂದೇ ತಂಡವೆಂದು ನಾನು ಮಾತು ಕೊಟ್ಟಿದ್ದು ಎರಡಾಗಿತ್ತು.

ಬೆರೆಸಿಬಿಡಬಹುದಿತ್ತು. ಇಷ್ಟು ಚಿಕ್ಕ ಹುಳದಲ್ಲಿ ಹಿರಿದು ಕಿರಿದು ಯಾರ ಕಣ್ಣಿಗೂ ಬೀಳುವುದಿಲ್ಲ, ರೈತರ ಮನೆಯಲ್ಲಿ ಮೂರನೇ ಜ್ವರಕ್ಕೆ ಕೂತಾಗಲೇ ಗೊತ್ತಾಗುವುದು. ಆ ಯೋಚನೆ ನನಗೆ ಬಂತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಫೋನ್ ತೆಗೆದು ಮಂಟೇಸ್ವಾಮಿಯವರಿಗೆ ಮಾಡಿದೆ.

"ಎರಡು ಸಲ ಎದ್ದವೆ ಅಣ್ಣ. ಸಂಜೆ ಬೆಳಕು ಬಿದ್ಬುಡ್ತು. ತಪ್ಪು ನಮ್ಮ ಕಡೇದು."

"ಬ್ಯಾರೆ ಬ್ಯಾರೆ ಇಡು. ನಂಗೆ ಮೊದಲೆದ್ದವ್ನೇ ಕೊಡು," ಎಂದರು ಅವರು. "ಮಿಕ್ಕೋರ ವಿಚಾರ ನಾನು ಯೋಳಕ್ಕಾಗಲ್ಲ ಕಣವ್ವ." ಮಿಕ್ಕವರಲ್ಲಿ ಅರ್ಧ ಜನ ಬೇಡವೆಂದರು. ಬೇಡವೆನ್ನುವ ಹಕ್ಕು ಅವರಿಗಿತ್ತು. ಒಬ್ಬೊಬ್ಬರು ಫೋನ್ ಇಟ್ಟಾಗಲೂ ಮುಖಕ್ಕೆ ಹೊಡೆದಂತಾಗುತ್ತಿತ್ತು.

ಹಿಂದಿನ ಮಧ್ಯಾಹ್ನದಿಂದ ಎರಡು ಶಿಫ್ಟ್ ಒಟ್ಟಿಗೆ ಮುಗಿಸಿಕೊಂಡು ಪುನೀತ ಬಂದ. ಅತ್ತೆ ಆಗಲೇ ಫೋನಿನಲ್ಲಿ ವಿಷಯ ಹೇಳಿದ್ದರು ಅನಿಸುತ್ತದೆ. ಬೈಕನ್ನು ದೂರದಲ್ಲೇ ನಿಲ್ಲಿಸಿದ. ಬಾಗಿಲಲ್ಲಿ ಸುಣ್ಣದ ನೀರಿನ ಗೋಣಿತಾಟು ಹಾಸಿರುತ್ತೇವೆ, ಒಳಗೆ ಬರುವವರು ಅದರ ಮೇಲೆ ಕಾಲು ಅದ್ದಿ ಬರಬೇಕು. ಅವನು ಯಾವತ್ತೂ ಅದನ್ನು ದಾಟಿಕೊಂಡು ಬರುತ್ತಿದ್ದವನು. ಅವತ್ತು ಅದರ ಮೇಲೆ ನಿಂತ. ನಿಂತೇ ಇದ್ದ.

"ಒಳಗೆ ಬರ್ಲಾ?" ಎಂದ.

ಸೊಪ್ಪು ಕೊಚ್ಚುತ್ತಿದ್ದ ಕತ್ತಿ ಕೆಳಗಿಟ್ಟು ಕೈ ಚಾಚಿದೆ. "ಫೋನ್ ಕೊಡು."

ಕೊಟ್ಟ. ಆ್ಯಪ್ ತೆಗೆದೆ. ಮಾಲೀಕರ ನಂಬರ್ ಎಂಬಲ್ಲಿ ಅವನ ನಂಬರ್ ಇತ್ತು. ಅದನ್ನು ಅಳಿಸಿ ನನ್ನದು ಹಾಕಿದೆ. ನನ್ನ ಫೋನಿಗೆ ಒಟಿಪಿ ಬಂತು. ಒತ್ತುವ ಮುಂಚೆ ಅವನ ಮುಖ ನೋಡಿದೆ. ಅವನು ಬೇಡವೆನ್ನಲಿಲ್ಲ. ಕಣ್ಣು ಕೆಂಪಾಗಿದ್ದವು, ನಿದ್ದೆಗೆಟ್ಟೋ, ಬೇರೆ ಯಾವುದಕ್ಕೋ.

ನನ್ನ ಫೋನಿನಲ್ಲಿ ಆ್ಯಪ್ ತೆರೆದುಕೊಂಡಿತು. ಮೂಲೆಯಲ್ಲಿ ಮತ್ತೊಂದು ಕೆಂಪು ಚುಕ್ಕೆ. ಹೊಸ ಸಾಫ್ಟ್‌ವೇರ್ ಬಂದಿದೆ, ಅಪ್‌ಡೇಟ್ ಆದಾಗ ಸೆಟ್ಟಿಂಗ್ ಅಳಿಸಿಹೋಗುತ್ತಿದ್ದ ತೊಂದರೆ ಸರಿಪಡಿಸಲಾಗಿದೆ ಎಂದು ಬರೆದಿತ್ತು. ಪುನೀತನೂ ಅದನ್ನು ನೋಡಿದ. ಅವನ ಬೆರಳು ತಾನಾಗಿ ಮುಂದೆ ಬಂತು, ಆಮೇಲೆ ತಾನಾಗಿ ಹಿಂದೆ ಹೋಯಿತು.

"ಏನ್ಮಾಡೋಣ?" ಎಂದು ಕೇಳಿದ. ಮದುವೆಯಾದ ಮೇಲೆ ಒಂದು ಯಂತ್ರದ ವಿಷಯಕ್ಕೆ ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

"ಹುಳ ಹೋಗ್ಲಿ, ಆಮೇಲೆ ನೋಡ್ತೀನಿ," ಎಂದೆ. "ಈಗ ಕಾಲು ಒರೆಸ್ಕೊಂಡು ಬಂದು ಸೊಪ್ಪು ಕೊಚ್ಚು. ಎರಡೂ ತಂಡಕ್ಕೆ ಬೇರೆ ಬೇರೆ ಕೊಚ್ಬೇಕು."

ಅವನು ಒಳಗೆ ಬಂದು ಕತ್ತಿ ತೆಗೆದುಕೊಂಡು ಅವ್ವನ ಪಕ್ಕ ಕೂತ. ನಾನು ಮೊದಲೆದ್ದ ಮರಿಗಳ ತಟ್ಟೆಗೆ ಸೊಪ್ಪು ಉದುರಿಸಿದೆ. ಅವು ಇಡೀ ರಾತ್ರಿ ಕಾದಿದ್ದವು.