ರೂಹಿಯ ಕಾವಲಿ

ಜನ್ನಾಪುರದ ಆಚೆ ತುದಿಯಲ್ಲಿ ಚರಂಡಿ ಮುಚ್ಚಳ ಎರಕ ಹೊಯ್ಯುವ ಒಂದು ಸಣ್ಣ ಫೌಂಡ್ರಿ ಇತ್ತು. ಅಲ್ಲೊಂದು ವಾಡಿಕೆ. ಕೆಲಸದವರ ಮನೇಲಿ ಮಗಳ ಮದುವೆ ಗೊತ್ತಾದರೆ, ಒಂದು ದಿನದ ಕೊನೇ ಸೌಟಿನ ಕಬ್ಬಿಣ ಆ ಹುಡುಗಿಗೆ. ಅದರಲ್ಲಿ ದೋಸೆ ಕಾವಲಿ ಎರೆದು ಕೊಡಬೇಕು. ಹೊಳೆಹೊನ್ನೂರಿನವರೆಗೂ ಎಷ್ಟೋ ಸೊಸೆಯರು ಅಲ್ಲಿ ಅಚ್ಚು ಕಟ್ಟುವ ಹುಸೇನ್ ಸಾಬರು ಕಟ್ಟಿದ ಅಚ್ಚಿನ ಕಾವಲಿ ಮೇಲೇ ದೋಸೆ ಹುಯ್ಯುತ್ತಿದ್ದರು.

ಈಗ ಅವರ ಮಗಳು ರೂಹಿಯ ಸರದಿ. ದಸರಾ ಕಳೆದ ಮೇಲೆ ಆಸೆಯಿಂದ ಮರಳಿನ ಅಚ್ಚು ಕಟ್ಟಿಟ್ಟರು. ಮಾರನೇ ದಿನವೇ ಸಾಹುಕಾರರು ಕುಲುಮೆ ಆರಿಸಿದರು. "ಸ್ವಲ್ಪ ದಿನ ನೋಡೋಣ" ಅಂದರು. ಹುಸೇನ್ ಸಾಬರು ಆ ಮಾತು ನಂಬಿದರು. ಮರಳು ಒಣಗಿದರೆ ಅಚ್ಚು ಉದುರಿಹೋಗುತ್ತಲ್ಲ, ದಿನಾ ಬೆಳಿಗ್ಗೆ ಹೋಗಿ ಮೇಲೆ ಹೊದಿಸಿದ ಗೋಣಿತಾಟಿಗೆ ನೀರು ಚಿಮುಕಿಸಿ ಬರೋರು.

"ಕೂಸಿಗೆ ಹೊದಿಸಿ ಬಂದಹಾಗೆ ಬರ್ತೀರಲ್ರೀ" ಅಂತ ಹೆಂಡತಿ ಫಿರೋಜಾ ನಗಾಡೋಳು.

ಮೊದಲನೇ ಚಂದ್ರಯಾನದ ರಾಕೆಟ್ಟು ಹೋದದ್ದೂ ಆಗಲೇ. ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದ ಭೈರಪ್ಪ ಚಹಾದಂಗಡಿಯಲ್ಲಿ ಪೇಪರ್ ಹರಡಿಕೊಂಡು ಕೂತಿದ್ದ.

"ಹುಸೇನ್ ಭಾಯ್, ಚಂದ್ರನ ಮಣ್ಣಲ್ಲೂ ಕಬ್ಬಿಣ ಇದೆಯಂತೆ. ಮುಂದೆ ಅಲ್ಲೇ ಕಾರ್ಖಾನೆ ಹಾಕ್ತಾರಂತೆ. ಹೋಗ್ತೀರಾ?"

"ನಿನ್ನನ್ನೂ ಕರ್ಕೊಂಡೇ ಹೋಗ್ತೀನಿ ಮಾರಾಯ, ಕಲ್ಲಿದ್ದಲು ಹೊರೋಕೆ ಆಳು ಬೇಕಲ್ಲ. ಅಲ್ಲಾ, ಅಲ್ಲಿ ಮಾಡಿ ಇಲ್ಲಿಗೆ ಇಳಿಸಿದ್ರೆ ಗಿಟ್ಟುತ್ತೇನೋ?"

"ಇಲ್ಲಿಗ್ಯಾಕೆ ಇಳಿಸ್ತಾರೆ? ಅಲ್ಲಿಗೆ ಬೇಕಾದ್ದಷ್ಟೇ. ಇಲ್ಲಿಂದ ಒಂದು ಮೊಳೆ ಹೊತ್ತೊಯ್ಯೋಕೂ ಬಂಗಾರದಷ್ಟು ಖರ್ಚಂತೆ. ಅದಕ್ಕೇ ಅಲ್ಲೇ ಮಾಡಿದ್ರೆ ಲಾಭ."

ಹುಸೇನ್ ಸಾಬರ ಮುಖ ಅರಳಿತು. "ನೋಡು ಮತ್ತೆ! ಎಲ್ಲಿಗೆ ಬೇಕೋ ಅಲ್ಲೇ ಮಾಡ್ಬೇಕು. ನಮ್ಮೂರಿನ ಮುಚ್ಚಳ ನಮ್ಮೂರಲ್ಲೇ. ನಡಿ, ಸಾಹುಕಾರರಿಗೆ ಇದನ್ನೇ ಹೇಳೋಣ."

ಭೈರಪ್ಪ ಪೇಪರ್ ಮಡಚಿದ. "ಚಂದ್ರನಲ್ಲಿಗೆ ಲಾರಿ ಹೋಗಲ್ಲ ಭಾಯ್. ನಮ್ಮೂರಿಗೆ ಬರುತ್ತೆ."

"ಅಂದ್ರೆ?"

"ಬೆಳಿಗ್ಗೆ ಕೊಯಮತ್ತೂರಿನ ಲಾರಿ ಮುಚ್ಚಳ ತಂದು ಹಾಕ್ತು. ಸಾಹುಕಾರರೇ ತರಿಸಿದ್ದು. ಇಲ್ಲಿ ಎರೆಯೋದಕ್ಕಿಂತ ಅಗ್ಗವಂತೆ. ನಾನೇ ಇಳಿಸ್ದೆ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಾಡಿದ್ದು ಕುಲುಮೆ ಒಡೆಯೋಕೆ ಗುಜರಿಯವರು ಬರ್ತಾರೆ."

ಹುಸೇನ್ ಸಾಬರು ಚಹಾ ಅಲ್ಲೇ ಬಿಟ್ಟು ಎದ್ದರು. ಫೌಂಡ್ರಿಗೆ ಹೋಗಿ ಗೋಣಿತಾಟು ಎತ್ತಿ ನೋಡಿದರು. ಅಚ್ಚಿನ ಅಂಚು ಒಂದು ಕಾಳಿನಷ್ಟೂ ಉದುರಿರಲಿಲ್ಲ. ಆಮೇಲೆ ಗೋಣಿತಾಟು ಮತ್ತೆ ಹೊದಿಸಿ ನೀರು ಚಿಮುಕಿಸಿದರು. ಮಾರನೇ ದಿನವೂ ಹೋಗಿ ಚಿಮುಕಿಸಿದರು. ಗುಜರಿಯವರು ಬಂದ ದಿನ ಮಾತ್ರ ಹೋಗಲಿಲ್ಲ.

ನಿಕಾಹ್‌ಗೆ ಫಿರೋಜಾ ಶಿವಮೊಗ್ಗದ ಗಾಂಧಿ ಬಜಾರಿನಿಂದ ಕರೀ ಬಣ್ಣ ಬಳಿದ ಹೊಸ ನಮೂನೆ ಕಾವಲಿ ತಂದಳು. ರೂಹಿ ಒಂದೇ ಕೈಯಲ್ಲಿ ಅದನ್ನ ಎತ್ತಿ ಆಡಿಸಿದಳು.

"ಅಬ್ಬಾ, ಎಷ್ಟು ಹಗುರ ನೋಡಿ!"

"ಹೌದು ಮಗಳೇ, ಹಗುರ ಇದೆ" ಅಂದರು ಹುಸೇನ್ ಸಾಬರು. ಇಸಕೊಂಡ ಕಾವಲಿಯನ್ನು ಅಭ್ಯಾಸಬಲದಿಂದ ಎರಡೂ ಕೈಯಲ್ಲಿ ಹಿಡಿದಿದ್ದರು.